ಕನ್ನಡಕದ ಡಬ್ಬಿಯ ಹಳದಿ ಕಲೆ

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಡಾಕ್ಟರ್ ಅಣ್ಣಾಸಾಹೇಬರು ಕನ್ನಡಕದ ಡಬ್ಬಿ ತೆರೆದರು. ಎಡಗಾಜು ಅಡ್ಡಕ್ಕೆ ಸೀಳಿತ್ತು.

ಅದು ಅಂತಿಂಥ ಕನ್ನಡಕವಲ್ಲ. ಎಕ್ಸ್‌ರೇ ಹಾಯಿಸಿ ಮೂಳೆ ಕೂಡಿಸುವಾಗ ಕಣ್ಣು ಕಾಯುವ ಸೀಸದ ಗಾಜು. ಜಮಖಂಡಿಯ ಆ ಆಸ್ಪತ್ರೆಯಲ್ಲಿ ಇದ್ದದ್ದು ಅದೊಂದೇ. ಒಳಗೆ ತೊಡೆ ಮುರಿದುಕೊಂಡ ಸಾವಳಗಿಯ ಟ್ರ್ಯಾಕ್ಟರ್ ಡ್ರೈವರ್ ನರಳುತ್ತಿದ್ದ.

ಡಬ್ಬಿಯಲ್ಲಿ ಒರೆಸುವ ಬಟ್ಟೆಯೂ ಇತ್ತು. ಅದರ ಮೇಲೆ ಹಳದಿ ಕಲೆ.

"ಭಂಡಾರ ಕಾಣಸ್ತೈತ್ರಿ ಸರ್," ಎಂದಳು ನರ್ಸ್ ಮಧುಮತಿ, ಬಾಗಿಲಲ್ಲೇ ನಿಂತು.

ಎಲ್ಲರ ಕಣ್ಣು ಆಯಾ ಸೋಮವ್ವನ ಹಣೆಗೆ ಹೋಯಿತು. ಬೀರೇಶ್ವರನ ಒಕ್ಕಲು. ಹಣೆಗೆ ಭಂಡಾರದ ಅರಿಸಿನ ಹಚ್ಚದೆ ಮನೆ ಬಿಟ್ಟವಳಲ್ಲ. ದಿನವೂ ಆ ಕನ್ನಡಕ ತೊಳೆದಿಡುವ ಕೆಲಸವೂ ಆಕೆಯದೇ.

"ನಿನ್ನೆ ಕಡೀಕ ಹೋದವ್ರು ಯಾರು?" ಡಾಕ್ಟರು ಕೇಳಿದರು.

ವಾಚ್‌ಮನ್ ಚನಮಲ್ಲಪ್ಪ ಸೆಟೆದು ನಿಂತ. ನಿವೃತ್ತ ಹವಾಲ್ದಾರ. "ಸೋಮವ್ವರಿ."

"ನಂದ ತಪ್ಪರಿ," ಎಂದಳು ಸೋಮವ್ವ.

ನಾಳೆಯಿಂದ ಬರಬೇಡ ಎಂದರು ಡಾಕ್ಟರು. ಇನ್ನೊಂದು ಕನ್ನಡಕಕ್ಕೆ ಮುಧೋಳಕ್ಕೆ ಫೋನ್ ಹೋಯಿತು.

* * *

ಮಧ್ಯಾಹ್ನ ಚನಮಲ್ಲಪ್ಪ ಬುತ್ತಿ ಬಿಚ್ಚಿ ಸೋಮವ್ವನನ್ನು ಕರೆದ.

"ಖರೆ ಹೇಳು. ನೀನ ಒಡದೀಯೇನು?"

"ಇಲ್ಲರಿ ಅಣ್ಣಾರ. ಡಬ್ಬಿ ಮುಟ್ಟೇ ಇಲ್ಲ. ಮುಟ್ಟಿ ತೊಳದಿದ್ರ ನಿನ್ನೆನ ಗೊತ್ತಾಕ್ಕಿತ್ತು. ತೊಳೀದ ಹೋದದ್ದು ತಪ್ಪಲ್ಲೇನ್ರಿ?"

ಚನಮಲ್ಲಪ್ಪ ತುತ್ತು ಕೆಳಗಿಟ್ಟ. ನಿನ್ನೆ ಸಂಜೆ, "ಲಗೂ ನಡಿ ಬೇ, ನಿಮ್ಮೂರ ತುಬಚಿ ಬಸ್ ಹೋಗತೈತಿ" ಎಂದು ಅವಸರ ಮಾಡಿದವನು ಅವನೇ. ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಗೇಟು ಹಾಕಿ ಚಹಾಕ್ಕೆ ಹೋಗುವ ಆತುರ ಅವನದು. ಬೆಳಿಗ್ಗೆ ಅಷ್ಟನ್ನು ಮಾತ್ರ ನುಂಗಿಕೊಂಡಿದ್ದ. ಥೂ, ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು!

ಎದ್ದು ಹೋಗಿ ಆ ಬಟ್ಟೆ ತಂದ. ಒಂದು ತುದಿಗೆ ಸೋಪು ತಿಕ್ಕಿದ. ಅರಿಸಿನವಾಗಿದ್ದರೆ ಕೆಂಪಾಗಬೇಕು. ಆಗಲಿಲ್ಲ. ಇನ್ನೊಂದು ತುದಿ ಒದ್ದೆ ಮಾಡಿ ಬುತ್ತಿಯ ಅನ್ನದ ಮೇಲೆ ಒತ್ತಿದ. ಅನ್ನದ ಅಗುಳು ಕಪ್ಪು ನೀಲಿಯಾಯಿತು.

* * *

"ಇದು ಭಂಡಾರ ಅಲ್ಲರಿ ಸಾಹೇಬ್ರ. ಅಯೋಡಿನ್ ಔಷಧ. ಅನ್ನಕ್ಕ, ಹಿಟ್ಟಿಗೆ ಹತ್ತಿದ್ರ ನೀಲಿ ಆಗತೈತಿ." ಚನಮಲ್ಲಪ್ಪ ಡಾಕ್ಟರ ಮುಂದೆ ಅನ್ನದ ಡಬ್ಬಿ ಇಟ್ಟ. ಮಧುಮತಿ, ಸೋಮವ್ವ ಇಬ್ಬರೂ ಅಲ್ಲೇ ಇದ್ದರು. "ಹಾಲಿಗೆ ಹಿಟ್ಟು ಕಲಸಿದವ್ರನ್ನ ಹಿಂಗ ಹಿಡೀತಿದ್ವಿ. ನಿನ್ನೆ ಆಪರೇಷನ್ ಆದ ಮ್ಯಾಲ ಕನ್ನಡಕ ಎಲ್ಲಿ ಇಟ್ರಿ?"

"ಕೈ ತೊಳಕೊಂಡು, ತಗದು ಟೇಬಲ್ ಮ್ಯಾಲ ಇಟ್ಟು ಹೋದೆ. ಆವಾಗ ಛಲೋನ ಇತ್ತು."

"ಗಾಯಕ್ಕ ಔಷಧ ಹಚ್ಚಿ ಪಟ್ಟಿ ಕಟ್ಟಾಕ ಉಳದವ್ರು?"

"ಮಧುಮತಿ."

"ಆ ಔಷಧದ ಕಪಾಟಿನ ಕೀಲಿ ಅವರ ಸೊಂಟದಾಗ ಐತ್ರಿ. ಸೋಮವ್ವ ಅದನ್ನ ಮುಟ್ಟಂಗಿಲ್ಲ. ಸಿಸ್ಟರ, ದಿನಾ ಆ ಬಾಟ್ಲಿ ಹಿಡಿಯೋರು ನೀವು. ವಾಸನಿ ಮದಲ ನಿಮಗ ಹತ್ತಬೇಕಿತ್ತು. ಆದ್ರ ನೀವು ಹತ್ರನೂ ಬರಲಿಲ್ಲ, ಬಾಗಲದಾಗ ನಿಂತ ಭಂಡಾರ ಅಂದ್ರಿ."

ಮಧುಮತಿ ಮುಂದೆ ಬಂದಳು.

"ಮೊಳಕೈ ಬಡೀತ್ರಿ ಸರ್. ಬಿತ್ತು. ಔಷಧದ ಕೈಲೇ ಹಂಗ ಒರಸಿ ಡಬ್ಬ್ಯಾಗ ಇಟ್ಟೆ. ಮುಂದಿನ ವಾರ ನನ್ನ ನೌಕರಿ ಕಾಯಂ ಆಗೋದಿತ್ತು..." ಅತ್ತಳು. ಬೆಳಗಿನಿಂದ ತಡೆದಿಟ್ಟ ಅಳು.

"ನನ್ನದೂ ಐತ್ರಿ ಸಾಹೇಬ್ರ," ಎಂದ ಚನಮಲ್ಲಪ್ಪ. "ಆಕಿ ಕನ್ನಡಕ ತೊಳೀದ ಹೋಗಾಕ ಕಾರಣ ನಾನು. ಚಹಾ ಕುಡಿಯೋ ಅವಸರಕ್ಕ ಆಕೀನ್ನ ದಬ್ಬಿದೆ. ಮುಂಜಾನೆ ನಿಮ್ಮ ಮುಂದ ಬಾಯಿ ಬಿಡಲಿಲ್ಲ."

ಡಾಕ್ಟರು ತಲೆ ತಗ್ಗಿಸಿದರು. ವಿಚಾರಿಸದೆ ತೀರ್ಪು ಕೊಟ್ಟವರು ಅವರು. "ಸೋಮವ್ವ, ನಾಳೆ ಬಾರವ್ವ," ಎಂದರು.

* * *

ಮುಧೋಳದಿಂದ ಬಂದ ಕನ್ನಡಕದಲ್ಲೇ ಸಂಜೆ ಡ್ರೈವರನ ತೊಡೆ ಕೂಡಿತು. ಆಮೇಲೆ ಸೋಮವ್ವ ಉಗುರುಬೆಚ್ಚಗಿನ ನೀರಿಗೆ ಮೆದು ಸೋಪು ಹಾಕಿ ಗಾಜು ತೊಳೆದಳು. ಹೊಸ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಗಾಜು ಮೇಲಾಗಿ ಡಬ್ಬಿಯಲ್ಲಿಟ್ಟಳು.

ಮಧುಮತಿ ಬಂದು ಕಾಲು ಹಿಡಿದಳು. "ತಪ್ಪಾತ ಯವ್ವಾ."

"ಗಾಜು ಒಡೆದದ್ದಕ್ಕ ಸಿಟ್ಟಿಲ್ಲವ್ವ. ಗಾಜು ಒಡೀತಾವ." ಸೋಮವ್ವ ಕಾಲು ಬಿಡಿಸಿಕೊಂಡಳು. "ಆದ್ರ ಮೊನ್ನೆ ನಿನ್ನ ನೌಕರಿ ಕಾಯಂ ಆಗ್ಲಿ ಅಂತ ಬೇಡಕೊಂಡು ನಿನ್ನ ಹಣಿಗೂ ಅದ ಭಂಡಾರ ಹಚ್ಚಿದ್ನಲ್ಲ. ಅದನ್ನ ಹೆಂಗ ಮರತಿ?"

ಮಧುಮತಿ ಮೇಲೇಳಲಿಲ್ಲ. ಚನಮಲ್ಲಪ್ಪ ಗೇಟು ಹಾಕದೆ ಕಾದು ನಿಂತ. ತುಬಚಿ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು.