ಪುಟ್ಟಿಯ ಪಾಸ್‌ಪೋರ್ಟ್

ಬೀರುವಿನ ಒಳಗೂಡಿನಲ್ಲಿ ಕಂದು ಲಕೋಟೆ ಇರಲಿಲ್ಲ.

ಪುಟ್ಟಿಯ ಅಮ್ಮ ಬಟ್ಟೆಗಳನ್ನೆಲ್ಲ ಎಳೆದು ನೆಲಕ್ಕೆ ಹಾಕಿದಳು. ಬ್ಯಾಂಕಿನ ಪುಸ್ತಕವಿತ್ತು, ವಿಚ್ಛೇದನದ ತೀರ್ಪಿನ ಪ್ರತಿ ಇತ್ತು, ಚಿನ್ನದ ಸರವೂ ಇತ್ತು. ಲಕೋಟೆಯೊಂದೇ ಮಾಯ. ಅದರೊಳಗಿದ್ದದ್ದು ಏಳು ವರ್ಷದ ಮಗಳ ಪಾಸ್‌ಪೋರ್ಟ್. ಅದು ಅಮ್ಮನ ಬಳಿಯೇ, ಮೊಹರು ಮಾಡಿದ ಲಕೋಟೆಯಲ್ಲೇ ಇರಬೇಕೆಂದು ಕೋರ್ಟು ಹೇಳಿತ್ತು. ರಜೆಯಲ್ಲಿ ಮಗು ಒಂದು ವಾರ ಅಪ್ಪನ ಹತ್ತಿರ ಇರಬೇಕೆಂದು ಹೇಳಿದ್ದೂ ಅದೇ ಕೋರ್ಟು. ಪುಟ್ಟಿ ಈಗ ಅಲ್ಲಿದ್ದಳು. ಅವಳಪ್ಪನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತ್ತು.

ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮತ್ತೆ ಮಾಡಿದಳು. ಸ್ವಿಚ್ ಆಫ್.

"ಹೋಗಿಬಿಟ್ಟ ಕಣೇ," ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. ವಿಚ್ಛೇದನವಾದಂದಿನಿಂದ ತಾಯಿ ಮಗಳು ಇದ್ದದ್ದು ಈ ಅಕ್ಕನ ಮನೆಯಲ್ಲೇ. "ಅಳ್ತಾ ಕೂತ್ರೆ ಆಗಲ್ಲ. ನಡಿ ವಕೀಲರ ಆಫೀಸಿಗೆ."

ವಕೀಲರು ಕೋರ್ಟಿನಲ್ಲಿದ್ದರು. ಆಫೀಸಿನಲ್ಲಿ ಸಿಕ್ಕಿದ್ದು ಟೈಪಿಸ್ಟಮ್ಮ ಮಾತ್ರ. ಮೂವತ್ತೊಂದು ವರ್ಷದಿಂದ ಊರವರ ಮುರಿದ ಸಂಸಾರಗಳನ್ನು ಮೂರು ಮೂರು ಪ್ರತಿ ಟೈಪು ಮಾಡಿದ ಹೆಂಗಸು. ಯಾರ ಕಣ್ಣೀರಿಗೂ ಬೆರಳು ನಿಲ್ಲಿಸಿದವರಲ್ಲ. ವಕೀಲರು ಫೋನಿನಲ್ಲಿ ಹೇಳಿದ್ದಿಷ್ಟೇ — ನಾಲ್ಕು ಗಂಟೆಯೊಳಗೆ, ಮಗುವಿನ ಅಪ್ಪನೇ ಪಾಸ್‌ಪೋರ್ಟ್ ಒಯ್ದನೆಂಬ ಪ್ರಮಾಣಪತ್ರ ಸಿದ್ಧವಾಗಲಿ, ವಿಮಾನ ನಿಲ್ದಾಣಕ್ಕೆ ಪೊಲೀಸರನ್ನು ಕಳಿಸಲು ಆದೇಶ ಕೇಳೋಣ. ಗಡಿಯಾರದಲ್ಲಿ ಆಗಲೇ ಮೂರು.

"ಲಕೋಟೆ ಕೊನೆಗೆ ನೋಡಿದ್ದು ಯಾವಾಗ?" ಟೈಪಿಸ್ಟಮ್ಮ ಹಾಳೆ ಏರಿಸಿದರು.

"ಸೋಮವಾರ. ಹಳೇ ಪಾಸ್‌ಪೋರ್ಟ್ ಅವಧಿ ಮುಗಿದಿತ್ತಲ್ಲ, ಹೊಸದು ಕೈಗೆ ಸಿಕ್ಕ ತಕ್ಷಣ ಸೀದಾ ಇಲ್ಲಿಗೇ ತಂದೆ. ನೀವೇ ಅಂಟಿಸಿ ಮೊಹರು ಮಾಡಿ ಕೊಟ್ರಿ. ಮನೆಗೆ ಹೋಗಿ ಬೀರುವಲ್ಲಿ ಇಟ್ಟೆ."

"ಬೀಗ ಒಡೆದಿದ್ಯಾ?"

"ಇಲ್ಲ. ಬೀಗದಕೈ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿರ್ತೀನಿ."

"ಯಾರ‍್ಯಾರಿಗೆ ಗೊತ್ತು?"

"ನನಗೆ, ಅಕ್ಕನಿಗೆ, ಪುಟ್ಟಿಗೆ." ಅವಳು ಅಕ್ಕನತ್ತ ತಿರುಗಿದಳು. "ಪುಟ್ಟಿಗೆ ಗೊತ್ತಿದ್ರೆ ಅವಳಪ್ಪನಿಗೂ ಗೊತ್ತು ಅಂತ್ಲೇ..."

"ಅವರು ಮನೆಯೊಳಗೆ ಬಂದಿದ್ರಾ?"

"ಶುಕ್ರವಾರ, ಅವಳನ್ನ ಕರ್ಕೊಂಡು ಹೋಗೋಕೆ. ನಾನು ಬಚ್ಚಲಲ್ಲಿ ಪುಟ್ಟಿಗೆ ಮುಖ ತೊಳೀತಿದ್ದೆ. ಹತ್ತು ನಿಮಿಷ ಅವನೊಬ್ನೇ ಹಾಲಲ್ಲಿದ್ದ."

"ರೂಮಿನ ಬಾಗಿಲು ಕಿರುಗುಟ್ಟಿದ್ದು ನನಗೆ ಅಡುಗೆಮನೆಗೆ ಕೇಳಿಸ್ತು," ಎಂದಳು ಅಕ್ಕ. "ಗಾಳಿ ಅಂದ್ಕೊಂಡು ಸುಮ್ಮನಾದೆ. ನನ್ನ ಬುದ್ಧಿಗೆ ಏನು ಹೇಳೋದು?"

ಟೈಪಿನ ಕೀಲಿಗಳು ಪಟಪಟ ಬಡಿದವು. "ಪಾಸ್‌ಪೋರ್ಟ್ ನಂಬರು?"

"ಗೊತ್ತಿಲ್ಲ. ಸರಿಯಾಗಿ ನೋಡಿದ್ದೂ ಇಲ್ಲ."

"ಇರಲಿ, ವಕೀಲರ ಕಪಾಟಿನಲ್ಲಿ ಒಂದು ಪ್ರತಿ ಇದೆ. ಹುಡುಕ್ತೀನಿ."

"ಹುಡುಕ್ತಾ ಕೂತ್ರೆ ವಿಮಾನ ಹಾರಿಹೋಗುತ್ತೆ. ಬರ್ಕೊಳ್ಳಿ, ನನ್ನ ಹತ್ರ ಇದೆ." ಅಕ್ಕ ಮೊಬೈಲು ನೋಡುತ್ತ ಒಂದೊಂದೇ ಅಂಕಿ ಹೇಳಿದಳು.

ಪುಟ್ಟಿಯ ಅಮ್ಮನಿಗೆ ಅಂಕಿ ಕೇಳಿಸಲಿಲ್ಲ. ಗಾಜಿನ ಬಾಗಿಲು, ಉದ್ದನೆಯ ಸಾಲು, ಅದರಲ್ಲಿ ಅಪ್ಪನ ಬೆರಳು ಹಿಡಿದು ನಿಂತ ಮಗಳು — ಅಷ್ಟೇ ಕಣ್ಣಿಗೆ ಕಟ್ಟುತ್ತಿತ್ತು. ಇನ್ನು ಆ ಮುಖವನ್ನು ನೋಡುವುದು ಯಾವಾಗ? ನೋಡುವುದುಂಟೋ ಇಲ್ಲವೋ? ಮತ್ತೆ ಅವನ ನಂಬರು ಒತ್ತಿದಳು.

ಮೂರೂವರೆಗೆ ಹಾಳೆ ಹೊರಬಂತು. ಅಕ್ಕ ಪೆನ್ನು ತೆಗೆದು ಅವಳ ಕೈಗಿಟ್ಟಳು. ಟೈಪಿಸ್ಟಮ್ಮ ಮಾತ್ರ ಹಾಳೆ ಕೊಡದೆ ಒಳಗೆ ಹೋದರು.

"ಎಲ್ಲಿಗೆ? ಹೊತ್ತಾಗ್ತಿದೆ—" ಅಕ್ಕನ ದನಿ ಏರಿತು.

"ನಂಬರನ್ನ ಎರಡು ಸಲ ತಾಳೆ ನೋಡದೆ ನಾನು ಕಾಗದ ಬಿಡಲ್ಲ."

ಐದು ನಿಮಿಷ. ಬಂದವರು ಪುಟ್ಟಿಯ ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ನಂಬರು ಸರಿಯಾಗಿದೆ," ಎಂದರು ಮೆಲ್ಲಗೆ. "ಅದೇ ತೊಂದರೆ."

"ಅಂದ್ರೆ?"

"ಹೊಸ ಪಾಸ್‌ಪೋರ್ಟ್‌ಗೆ ಹೊಸ ನಂಬರು. ಸೋಮವಾರ ನೀವೊಬ್ರೇ ಅದನ್ನ ಸೀದಾ ಇಲ್ಲಿಗೆ ತಂದ್ರಿ, ನಿಮ್ಮೆದುರಿಗೇ ಮೊಹರು ಬಿತ್ತು. ಪ್ರತಿ ನಮ್ಮ ಕಪಾಟು ಬಿಟ್ಟು ಹೋಗಿಲ್ಲ. ನಿಮ್ಮಕ್ಕ ಹಳೇ ನಂಬರು ಹೇಳಿದ್ರೆ ನಾನು ಅನುಮಾನ ಪಡ್ತಿರಲಿಲ್ಲ. ಹೊಸದನ್ನ ಒಂದಂಕಿ ತಪ್ಪದೆ ಹೇಳಿದ್ರು. ಲಕೋಟೆ ಒಡೆಯದೆ ಅದು ಅವರ ಮೊಬೈಲಿಗೆ ಬಂದದ್ದು ಹೇಗೆ?"

ಅಕ್ಕ ಕೈಚೀಲವನ್ನು ಎದೆಗವಚಿಕೊಂಡಳು.

"ಇದಕ್ಕೆ ಸಹಿ ಹಾಕಿದ್ರೆ ಸುಳ್ಳು ಪ್ರಮಾಣ ನಿಮ್ಮ ಹೆಸರಿನದು. ಪೊಲೀಸರು ಮಗುವಿನ ಎದುರಿಗೆ ಅವಳಪ್ಪನನ್ನ ಹಿಡೀತಾರೆ, ಪಾಸ್‌ಪೋರ್ಟ್ ಸಿಗಲ್ಲ. ಆಮೇಲೆ ನ್ಯಾಯಾಧೀಶರು ಮಗುವನ್ನ ಯಾರ ಕೈಗೆ ಕೊಡ್ತಾರೆ, ನೀವೇ ಹೇಳಿ."

ಅಕ್ಕ ಕೈಚೀಲದ ಜಿಪ್ಪು ಎಳೆದಳು. ಪಾಸ್‌ಪೋರ್ಟ್ ಮೇಜಿನ ಮೇಲೆ ಬಂತು.

"ಪುಟ್ಟಿ ಅಲ್ಲಿಗೆ ಹೋದಾಗೆಲ್ಲ ನೀನು ಅನ್ನ ಬಿಡ್ತೀಯ, ನಿದ್ದೆ ಬಿಡ್ತೀಯ. ನನ್ನ ಕೈಲಿ ನೋಡೋಕಾಗ್ಲಿಲ್ಲ. ಕಳ್ಳತನ ಅವನ ತಲೆಗೆ ಬಂದ್ರೆ ಹೋಗಿ ಬರೋದೇ ನಿಲ್ಲುತ್ತೆ ಅಂದ್ಕೊಂಡೆ. ನಾವು ಮೂರೂ ಜನ ನೆಮ್ಮದಿಯಾಗಿರಬಹುದಿತ್ತು."

"ಮತ್ತೆ ಅವನ ಫೋನು?"

"ಅದು ನನಗೆ ಗೊತ್ತಿಲ್ಲ ಕಣೇ, ದೇವರಾಣೆಗೂ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವನೇ. "ಇಪ್ಪತ್ತಾರು ಸಲ ಮಾಡಿದೀಯ. ಏನಾಯ್ತು? ಈಜುಕೊಳದಲ್ಲಿದ್ವಿ, ಫೋನ್ ಆಫ್ ಮಾಡಿ ಬಾಗಿಲಲ್ಲೇ ಕೊಡ್ಬೇಕಿತ್ತು. ಇರು, ಇವಳು ಕಿತ್ಕೊಳ್ತಿದ್ದಾಳೆ."

"ಅಮ್ಮಾ, ನಾನು ನೀರೊಳಗೆ ಕಣ್ಣು ಬಿಟ್ಟೆ. ಉರೀಲೇ ಇಲ್ಲ."

ಅವಳು ಅಳು ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು.

"ದೊಡ್ಡಮ್ಮಂಗೆ ಕೊಡಮ್ಮ. ಅವಳಿಗೂ ಹೇಳ್ಬೇಕು."

ಪುಟ್ಟಿಯ ಸಣ್ಣ ದನಿ ಅಕ್ಕನಿಗೂ ಕೇಳಿಸಿತ್ತು. ಕಣ್ಣೊರೆಸಿಕೊಂಡು, ಯಾವಾಗಿನಂತೆ, ಫೋನಿಗೆ ಕೈ ಚಾಚಿದಳು.

ಪುಟ್ಟಿಯ ಅಮ್ಮ ಆ ಕೈಯನ್ನೇ ನೋಡಿದಳು.

"ದೊಡ್ಡಮ್ಮ ಇಲ್ಲಿಲ್ಲ ಪುಟ್ಟಿ," ಎಂದಳು.