ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

"ಈಗ ನೋಡು," ಅಂದ ಕಾಕಾ.

ದೀಪಿಕಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗಣಿತದ ಪುಟ ತೆರೆದಳು. ಮೊದಲ ಲೆಕ್ಕ ಬಂತು. ಎರಡನೆಯದು ಬಂತು. ಮೂರನೆಯದಕ್ಕೆ ಉತ್ತರ ಒತ್ತುವಾಗ ಹೆಬ್ಬೆರಳು ತಾನಾಗಿಯೇ ಹಿಂದೆ ಸರಿಯಿತು. ಪ್ರತಿ ಸಲ ಅಲ್ಲೇ ಜಾಹೀರಾತು ಎಗರಿ ಬರುತ್ತಿತ್ತು. ಕುಣಿಯುವ ಕೋತಿ, ಸಿಡಿಯುವ ಬಲೂನು, "ಈಗಲೇ ಆಡಿ" ಅನ್ನುವ ಹಸಿರು ಬಟನ್ನು. ಹೋದ ವಾರ ಶಾಲೆಯ ಆನ್‌ಲೈನ್ ಕ್ವಿಜ್‌ನಲ್ಲಿ ಅವಳು ಉತ್ತರದ ಬದಲು ಆ ಬಟನ್ನೇ ಒತ್ತಿದ್ದಳು. ಟೈಮ್ ಮುಗಿದುಹೋಗಿತ್ತು. ಅಂದಿನಿಂದ ಕ್ಲಾಸಿನ ಯುವರಾಜ ಅವಳನ್ನು ಕರೆಯುವುದೇ "ಕೋತಿ ದೀಪಿ" ಅಂತ.

ಈಗ ಕೋತಿ ಬರಲಿಲ್ಲ. ಅದು ಕುಣಿಯುತ್ತಿದ್ದ ಜಾಗ ಬೆಳ್ಳಗೆ, ಖಾಲಿ ಇತ್ತು.

"ಕೋತಿ ಎಲ್ಲಿ ಹೋತು ಕಾಕಾ?"

ವಿಜಯಮಹಾಂತೇಶ ಕಾಕಾ ಟೀವಿ ಪಕ್ಕದ ಕರಿ ಡಬ್ಬಿಯ ಕಡೆ ಬೆರಳು ತೋರಿಸಿದ. ಅವನು ರಾಣೆಬೆನ್ನೂರಿನಲ್ಲಿ ಆಫೀಸುಗಳ ಕಂಪ್ಯೂಟರ್ ರಿಪೇರಿ ಮಾಡುವವನು. ದೀಪಿಕಾ ಫೋನಿನಲ್ಲಿ ಅತ್ತು ಕರೆದಿದ್ದಕ್ಕೆ ದಸರಾ ರಜೆಯ ಮೊದಲ ಶನಿವಾರವೇ ಬ್ಯಾಡಗಿಗೆ ಬಂದಿದ್ದ. ಬರುವಾಗ ಈ ಡಬ್ಬಿ ತಂದು, ವೈಫೈಗೂ ಅದಕ್ಕೂ ವೈರು ಸಿಕ್ಕಿಸಿದ್ದ.

"ಇದಕ್ಕ ಫೈರ್‌ವಾಲ್ ಅಂತಾರ."

ಮಂಚದ ಮೇಲೆ ಕೂತು ಫೋನಿನಲ್ಲಿ ಭಜನೆ ಕೇಳುತ್ತಿದ್ದ ಆಯಿ ಕಣ್ಣು ಕಿರಿದು ಮಾಡಿದಳು. ದೀಪಿಕಾಳ ಅಪ್ಪನಿಗೂ ಕಾಕಾನಿಗೂ ಅವ್ವ ಆಕೆ, ಜಯವ್ವ. "ಫೈರ್ ಅಂದ್ರ ಬೆಂಕಿ ಅಲ್ಲೇನೋ ಮಾಂತೇಶಾ? ಮೆಣಸಿನಕಾಯಿ ಚೀಲ ಇಟ್ಟ ಮನ್ಯಾಗ ಬೆಂಕಿ ಡಬ್ಬಿ ಯಾಕ ತಂದಿ?"

"ಬೆಂಕಿ ಒಳಗ ಬರಲಾರದಂಗ ತಡಿಯೂ ಗ್ವಾಡಿ ಬೇ ಯವ್ವಾ ಇದು," ಎಂದು ನಕ್ಕ ಕಾಕಾ, ದೀಪಿಕಾಳ ಕಡೆ ತಿರುಗಿದ. "ನಿಮ್ಮ ಓಣಿ ಬಾಯಾಗ ಮುದುಕವ್ವ ಆಯಿ ಕುಂತಿರ್ತಾಳ, ಹೌದಿಲ್ಲೋ? ಹೊಸಬ್ರು ಬಂದ್ರ ಆಕಿನ್ನ ಏನ್ ಕೇಳ್ತಾರ?"

"ಇಂಥವ್ರ ಮನಿ ಎಲ್ಲಿ ಅಂತ."

"ಸೀರಿ ಮಾರಾವ್ರು, ಮಿಕ್ಸರ್ ಮಾರಾವ್ರು ಬಂದು ಕೇಳಿದ್ರ?"

ದೀಪಿಕಾ ಮುದುಕವ್ವನ ಹಾಗೆ ಬಾಯಿ ಒಳಗೆ ಎಳೆದುಕೊಂಡು ಕೈ ಬೀಸಿದಳು. "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ನಡೀರಿ, ನಡೀರಿ!"

"ಹಾಂ! ಫೋನಿಗೂ ದಾರಿ ಗೊತ್ತಿರೂದಿಲ್ಲ. ಏನರ ತರಬೇಕಂದ್ರ ಮೊದಲು ಹೆಸರು ಹೇಳಿ, ಎಲ್ಲೈತಿ ಅಂತ ಕೇಳತೈತಿ. ಇನ್ನ ಮ್ಯಾಲೆ ಈ ಡಬ್ಬಿನ್ನ ಕೇಳತೈತಿ. ಜಾಹೀರಾತಿನವ್ರ ಹೆಸರಿನ ದೊಡ್ಡ ಪಟ್ಟಿ ಇದರ ಕಡೆ ಐತಿ. ಪಟ್ಟಿಯೊಳಗಿನ ಹೆಸರು ಕೇಳಿದ್ರ, ಅಂಥವ್ರು ಯಾರೂ ಇಲ್ಲ ಅಂದುಬಿಡತೈತಿ. ನಿನ್ನ ಫೋನಿಗೆ ಅಷ್ಟ ಅಲ್ಲ, ಮನಿ ವೈಫೈ ಹಿಡಿದ ಎಲ್ಲಾ ಫೋನಿಗೂ."

ಅಷ್ಟರಲ್ಲಿ ಆಯಿಯ ಭಜನೆ ಗಕ್ಕನೆ ನಿಂತು, ಜಾಹೀರಾತಿನ ಕುಕ್ಕರೊಂದು ಸೀಟಿ ಹೊಡೆಯಿತು.

"ಈ ಕುಕ್ಕರಿಗೆ ನಿನ್ನ ಮುದುಕವ್ವ ಏನೂ ಅನ್ನಲಿಲ್ಲಲ್ಲೋ!" ಎಂದಳು ಆಯಿ.

ಕಾಕಾ ತಲೆ ಕೆರೆದುಕೊಂಡ. "ಅದು ಭಜನಿ ಬರೂ ಜಾಗದಿಂದನ ಬರತೈತಿ ಬೇ. ಅದನ್ನ ತಡದ್ರ ಭಜನಿನೂ ನಿಲ್ಲತೈತಿ."

"ಹಂಗಾದ್ರ ಇರ್ಲಿ ಬಿಡು. ಕುಕ್ಕರ್ ಕೂಗ್ಲಿ."

ಅಡುಗೆಮನೆಯಲ್ಲಿ ಅವ್ವ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಆ ಸದ್ದಿನಲ್ಲಿ ಅವಳಿಗೆ ಹೊರಗಿನ ಮಾತು ಒಂದೂ ಕೇಳಿಸಲಿಲ್ಲ.

ಸಂಜೆ ಬಸ್ಸಿಗೆ ಹೋಗುವ ಮೊದಲು ಕಾಕಾ ಡಬ್ಬಿಯ ಪುಟವನ್ನು ತೋರಿಸಿಕೊಟ್ಟ. ಮನೆಯ ಫೋನುಗಳಿಗೆಲ್ಲ ಅಲ್ಲಿ ತಾನು ಕರೆಯುವ ಹೆಸರನ್ನೇ ಇಟ್ಟಿದ್ದ: ಅಪ್ಪನದಕ್ಕೆ ಅಣ್ಣ, ಆಯಿಯದಕ್ಕೆ ಯವ್ವ, ಅವ್ವನದಕ್ಕೆ ವೈನಿ, ಅವಳದಕ್ಕೆ ದೀಪಿ. ಯಾವ ಫೋನು ಎಷ್ಟು ಹೊತ್ತಿಗೆ ಯಾವ ಹೆಸರು ಕೇಳಿತು ಅನ್ನುವುದು ಸಾಲುಸಾಲಾಗಿ ಬೀಳುತ್ತಿತ್ತು. ಬಿಟ್ಟಿದ್ದಕ್ಕೆ ಹಸಿರು ಗೆರೆ, ತಡೆದಿದ್ದಕ್ಕೆ ಕೆಂಪು ಗೆರೆ. ಪಾಸ್‌ವರ್ಡನ್ನು ದೀಪಿಕಾಳ ಕಿವಿಯಲ್ಲಿ ಹೇಳಿ, "ಇದಕ್ಕ ನೀನ ಮಾಲಕಿ," ಅಂದ.

ಎರಡು ದಿನ ದೀಪಿಕಾ ಕುಣಿದಾಡಿದಳು. ಫೋನಿನ ಆಟದಲ್ಲಿ ಜೀವ ಮುಗಿದಾಗ ಜಾಹೀರಾತು ನೋಡಿ ಇನ್ನೊಂದು ಜೀವ ಪಡೆಯುವುದು ಮಾತ್ರ ಆಗುತ್ತಿರಲಿಲ್ಲ. ಒಂದೇ ಜೀವದಲ್ಲಿ ಆಡುವುದನ್ನು ಕಲಿತಳು.

ಮೂರನೆಯ ದಿನ ಅವಳ ಕಣ್ಣು ಅವ್ವನ ಮೇಲೆ ಬಿತ್ತು.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅವ್ವ ದಿನಾ ಹಿತ್ತಲ ಬಾಗಿಲಲ್ಲಿ ಕೂರುತ್ತಾಳೆ. ಸೆರಗಿಗೆ ಕೈ ಒರೆಸಿ ಫೋನು ತೆಗೆಯುತ್ತಾಳೆ. ಜಿಲ್ಲೆಯ ಸುದ್ದಿಯ ಪುಟ ತೆರೆಯುತ್ತಾಳೆ. ಅವ್ವ ಮೆಣಸಿನಕಾಯಿ ಪೇಟೆಯ ಸುದ್ದಿ ಓದುತ್ತಾಳೆ ಅಂತಲೇ ದೀಪಿಕಾ ತಿಳಿದಿದ್ದಳು. ಆದರೆ ಅವ್ವ ಯಾವ ಸುದ್ದಿಯ ಮೇಲೂ ನಿಲ್ಲಲಿಲ್ಲ. ಪುಟದ ತಳದವರೆಗೆ ಜಾರಿಸಿದಳು. ಮತ್ತೆ ಮೇಲೆ. ಮುಚ್ಚಿದಳು. ಮತ್ತೆ ತೆರೆದಳು.

"ಏನ್ ಹುಡಕಾಕತ್ತೀ ಅವ್ವಾ?"

"ಏನಿಲ್ಲ."

ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. "ಇದೇನ್ ಸಮುದ್ರದ ನೀರೇನು?" ಎಂದ ಅಪ್ಪ, ಕೊಟ್ರೇಶ. ಬೇರೆ ದಿನವಾಗಿದ್ದರೆ ಅವ್ವ, "ಹಂಗಾದ್ರ ಈಸ ಬೀಳ್ರಿ," ಅನ್ನುತ್ತಿದ್ದಳು. ಅವತ್ತು ಅವ್ವ ಬೇರೆಯೇ ಏನೋ ಕೇಳಿದಳು.

"ಮಾಂತೇಶ ಬಂದಾಗ ನೀವು ಅವಗ ಏನರ ತಗಿ ಅಂತ ಹೇಳಿದ್ರೇನು?"

"ಏನ್ ತಗೀಬೇಕಿತ್ತು?"

"ಏನಿಲ್ಲ ಬಿಡ್ರಿ."

ಅಪ್ಪ ದೀಪಿಕಾಳ ಮುಖ ನೋಡಿದ. ದೀಪಿಕಾ ಆಯಿಯ ಮುಖ ನೋಡಿದಳು. ಯಾರಿಗೂ ಏನೂ ತಿಳಿಯಲಿಲ್ಲ.

ಬುಧವಾರ ಅವ್ವ ಹಿತ್ತಲಲ್ಲಿ ನಿಂತು ಜಾಹೀದಾ ಆಂಟಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮೋಟೆಬೆನ್ನೂರಿನ ಜಾಹೀದಾ ಆಂಟಿ ಅವ್ವನ ಮಹಿಳಾ ಸಂಘದವರು. ಒಗೆದ ಬಟ್ಟೆ ತರಲು ಹೋದ ದೀಪಿಕಾ ಬಾಗಿಲಲ್ಲೇ ನಿಂತಳು.

"ನಂದು ತಗದುಬಿಟ್ಟಾರ್ರಿ. ನಾಕು ದಿನಾತು ಇಲ್ಲ... ನಿಮಗ ಕಾಣತೈತಿ? ಮತ್ತ ನನಗ್ಯಾಕ ಕಾಣವಲ್ದು? ಸಮಾಧಾನಕ್ಕ ಹೇಳಬ್ಯಾಡ್ರಿ... ಮನ್ಯಾಗ ಯಾರಿಗೋ ಮನಸಿಲ್ಲ ಅನ್ನಸತೈತಿ. ಹೋಗ್ಲಿ ಬಿಡ್ರಿ. ಮೇಳಕ್ಕ ನನ್ನ ಹೆಸರು ಬರೀಬ್ಯಾಡ್ರಿ. ನಾ ಬರೂದಿಲ್ಲ."

ದೀಪಿಕಾಳ ಕೈಯಿಂದ ಕ್ಲಿಪ್ಪು ಬಿತ್ತು. ಮೇಳಕ್ಕೆ ಹೋಗುವುದಿಲ್ಲವಾ? ಮುಂದಿನ ವಾರ ಹಾವೇರಿಯಲ್ಲಿ ಸಂಘಗಳ ಮೇಳ. ಮೊದಲ ಸಲ ಅವ್ವನಿಗೇ ಒಂದು ಅಂಗಡಿ ಸಿಕ್ಕಿತ್ತು. ಚಟ್ನಿ ತುಂಬಲು ನಲವತ್ತು ಡಬ್ಬಿ ತೊಳೆದು ಒಣಗಿಸಿದ್ದಳು. ಯಾರೂ ಇಲ್ಲವೆಂದುಕೊಂಡು ಕನ್ನಡಿಯ ಮುಂದೆ, "ಬರ್ರಿ, ರುಚಿ ನೋಡ್ರಿ," ಎಂದು ಹೇಳಿ ನೋಡಿದ್ದಳು. ಅದನ್ನು ದೀಪಿಕಾ ಕದ್ದು ಕೇಳಿದ್ದಳು.

ಏನು ತೆಗೆದರು? ಯಾರು ತೆಗೆದರು? ಯಾರಿಗೆ ಮನಸ್ಸಿಲ್ಲ? ಅಪ್ಪ ಚಟ್ನಿಯನ್ನು ತಾನೇ ಚಪ್ಪರಿಸಿ ತಿನ್ನುತ್ತಾನೆ. ಆಯಿ ಬೆಳ್ಳುಳ್ಳಿ ಸುಲಿದು ಕೊಡುತ್ತಾಳೆ. ದೀಪಿಕಾಗೆ ತಲೆಬುಡ ಅರ್ಥವಾಗಲಿಲ್ಲ. ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು.

ಮರುದಿನ ಮಧ್ಯಾಹ್ನ ಅವ್ವನ ಫೋನು ರಿಂಗಾಯಿತು. ದೀಪಿಕಾ ಎತ್ತಿದಳು.

"ದೀಪೀ, ನಾ ಜಾಹೀದಾ ಆಂಟಿ. ನಿಮ್ಮ ಓಣಿ ಬಾಯಾಗ ಅದೀನಿ. ಇಲ್ಲೊಬ್ಬ ಅಜ್ಜಿ, ನಿಮ್ಮವ್ವ ಇಲ್ಲಿ ಇಲ್ಲಽ ಇಲ್ಲ ಅನ್ನಾಕತ್ತಾಳ! ಲಗೂ ಬಾ!"

ದೀಪಿಕಾ ಓಡಿದಳು. ಮುದುಕವ್ವ ಕೂರುವ ಕಟ್ಟೆಯ ಮುಂದೆ ಜಾಹೀದಾ ಆಂಟಿ ಸ್ಕೂಟಿ ನಿಲ್ಲಿಸಿಕೊಂಡು ನಿಂತಿದ್ದರು. ಮುದುಕವ್ವ ಕೋಲು ಅಡ್ಡ ಹಿಡಿದು ರೇಗುತ್ತಿದ್ದಳು.

"ಪುಷ್ಪಲತಾ ಅಂತ, ಪುಷ್ಪಲತಾ! ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂದ್ನಲ್ಲ. ನಾ ಈ ಓಣ್ಯಾಗ ಅರವತ್ತು ವರ್ಷ ಅದೀನಿ."

"ಆಯೀ, ನಮ್ಮವ್ವ!" ಎಂದಳು ದೀಪಿಕಾ ಏದುಸಿರು ಬಿಡುತ್ತಾ. "ಪುಷ್ಪಲತಾ ಅಂದ್ರ ನಮ್ಮವ್ವ."

ಮುದುಕವ್ವ ಕೋಲು ಇಳಿಸಿದಳು. "ಕೊಟ್ರೇಶನ ಹೇಣ್ತೀನ? ದೀಪಿ ಅವ್ವನ? ಹಂಗ ಹೇಳ್ಬೇಕಿಲ್ಲೋ! ಮದಿವ್ಯಾಗಿ ಬಂದು ಹದಿಮೂರು ವರ್ಷಾತು, ಆಕಿಗೆ ಇಂಥಾದ್ದೊಂದು ಹೆಸರೈತಿ ಅಂತ ಯಾರ್ ಹೇಳ್ಯಾರ ನನಗ?"

ಆಂಟಿ ಗೊಳ್ಳನೆ ನಕ್ಕರು. ದೀಪಿಕಾಗೆ ನಗು ಬರಲಿಲ್ಲ. ಏನೋ ನೆನಪಾಗುತ್ತಿತ್ತು, ಪೂರ್ತಿ ನೆನಪಾಗುತ್ತಿರಲಿಲ್ಲ.

ಮನೆಯಲ್ಲಿ ಜಾಹೀದಾ ಆಂಟಿ ನೀರನ್ನೂ ಕುಡಿಯದೆ ತಮ್ಮ ಫೋನು ತೆಗೆದರು. "ನಾ ಸುಳ್ಳು ಹೇಳ್ತೀನೇನ್ರಿ? ನೋಡ್ರಿ ಇಲ್ಲಿ."

ಅವ್ವ ತನ್ನ ಫೋನನ್ನೂ ತಂದು ಪಕ್ಕದಲ್ಲಿಟ್ಟಳು. ಎರಡರಲ್ಲೂ ಅದೇ ಸುದ್ದಿಯ ಪುಟ, ಅದೇ ಸುದ್ದಿ. ಆಂಟಿಯ ಫೋನಿನಲ್ಲಿ ಸುದ್ದಿಯ ಕೆಳಗೆ ಒಂದು ಚಿತ್ರ: ಸ್ಟೀಲಿನ ಡಬ್ಬಿ, ಕೆಂಪು ಚಟ್ನಿ, ಹಸಿರು ಬಳೆಯ ಅವ್ವನ ಕೈ. ಮೇಲೆ ದೊಡ್ಡದಾಗಿ, "ಪುಷ್ಪಲತಾ ಅವರ ಶೇಂಗಾ ಚಟ್ನಿ, ಬ್ಯಾಡಗಿ." ಸಂಘದವರು ಹಾಕಿಸಿದ್ದು. ಮೊದಲ ದಿನ ಅವ್ವ ತೋರಿಸಿದಾಗ ದೀಪಿಕಾ, "ಸೂಪರ್!" ಎಂದು ಹೇಳಿ ಆಡಲು ಓಡಿದ್ದಳು.

ಅವ್ವನ ಫೋನಿನಲ್ಲಿ ಅದೇ ಜಾಗ ಬೆಳ್ಳಗೆ, ಖಾಲಿ ಇತ್ತು.

ದೀಪಿಕಾ ಬಗ್ಗಿ ನೋಡಿದಳು. ಕೋತಿ ಇರುತ್ತಿದ್ದ ಜಾಗವೂ ಹೀಗೇ ಬೆಳ್ಳಗಾಗಿತ್ತು.

"ಆಂಟೀ, ನಿಮ್ಮ ಫೋನು ನಮ್ಮ ವೈಫೈ ಹಿಡದೈತೇನು?"

"ಇಲ್ಲವಾ, ನಂದ ನೆಟ್ ಐತಿ."

ದೀಪಿಕಾ ಅವ್ವನ ಕಡೆ ನೋಡಲಾರದೆ ಡಬ್ಬಿಯ ಕಡೆ ನೋಡಿದಳು. "ಅವ್ವಾ, ಯಾರೂ ತಗದಿಲ್ಲ. ಅಪ್ಪಾನೂ ಅಲ್ಲ, ಕಾಕಾನೂ ಅಲ್ಲ. ನಾನ... ಆ ಡಬ್ಬಿ ನಾನ ತರಿಸೀನಿ. ಮನ್ಯಾಗ ಜಾಹೀರಾತು ಬರಬಾರ್ದು ಅಂತ."

ಅವ್ವ ಆಂಟಿಯ ಫೋನಿನಲ್ಲಿದ್ದ ಚಿತ್ರದ ಮೇಲೆ ಬೆರಳಿಟ್ಟಳು. "ನಂದೂ ಜಾಹೀರಾತು ಅಲ್ಲೇನು?"

ದೀಪಿಕಾಗೆ ಜಾಹೀರಾತು ಅಂದರೆ ಕೋತಿ, ಬಲೂನು. ಇದು ಅವ್ವನ ಫೋಟೊ. ಎರಡೂ ಒಂದೇ ಅಂತ ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅವಳು ಕಾಕಾನಿಗೆ ಫೋನು ಹಚ್ಚಿದಳು. ವಿಷಯ ಕೇಳಿ ಕಾಕಾ, "ಅಯ್ಯ ಶಿವನ!" ಅಂದ. "ಸುದ್ದಿ ಒಂದು ಜಾಗದಿಂದ ಬರತೈತಿ, ಅದರಾಗಿನ ಜಾಹೀರಾತು ಇನ್ನೊಂದು ಜಾಗದಿಂದ. ಹಂಗಾಗಿ ಸುದ್ದಿ ಬಂತು, ವೈನಿದು ಬರಲಿಲ್ಲ. ಡಬ್ಬಿ ಪುಟ ತಗಿ. 'ವೈನಿ' ಒತ್ತು. ಯಾವ್ ಹೆಸರು ಕೆಂಪಾಗೈತಿ ನೋಡು."

ದೀಪಿಕಾ ಒತ್ತಿದಳು. ಕೆಂಪು ಗೆರೆಗಳು ಬಂದವು.

ಭಾನುವಾರ, 2:41. 2:42. 2:46.

ಸೋಮವಾರ, 2:38. 2:39. 2:39. 2:44. 2:51.

ಅವಳು ಬೆರಳಿನಿಂದ ಜಾರಿಸಿದಳು. ಮಂಗಳವಾರ. ಬುಧವಾರ. ಒಂದರ ಕೆಳಗೆ ಒಂದು, ಎಲ್ಲದಕ್ಕೂ ಅದೇ ಒಂದು ಹೆಸರು, ಎಲ್ಲವೂ ಕೆಂಪು. ಪಾತ್ರೆ ತೊಳೆದು, ಕೈ ಒರೆಸಿ, ಹಿತ್ತಲ ಬಾಗಿಲಲ್ಲಿ ಕೂತ ಹೊತ್ತು. ಬುಧವಾರ ಹದಿನೇಳು ಸಲ.

"ಸಿಕ್ತೇನ ದೀಪಿ?"

"ಹೂಂ," ಅಂದಳು.

"ಅದರ ಮುಂದ 'ಬಿಡು' ಅಂತ ಐತಲ್ಲ, ಅದನ್ನ ಒತ್ತು. ಆದ್ರ ಒಂದು ಮಾತು. ಆ ಜಾಗದಿಂದ ವೈನಿದು ಒಂದ ಬರೂದಿಲ್ಲ. ಅಲ್ಲಿಂದ ಬರೂವೆಲ್ಲಾ ಬರತಾವ. ನಿನ್ನ ಕೋತಿನೂ ಬಂದೀತು. ನಡೀತೈತಾ?"

ದೀಪಿಕಾ ಒತ್ತಿಬಿಟ್ಟಿದ್ದಳು. "ಬರ್ಲಿ."

ಎರಡು ನಿಮಿಷ ತಡೆದು ಅವ್ವ ಪುಟ ತೆರೆದಳು. ಮೊದಲು ಸಿಮೆಂಟಿನ ಜಾಹೀರಾತು ಬಂತು. ಆಮೇಲೆ ಮೊಣಕಾಲು ನೋವಿನ ಎಣ್ಣೆ. "ಇದು ನನಗ ಬೇಕಾದ್ದು," ಎಂದು ಆಯಿಯೂ ಬಂದು ಬಗ್ಗಿದಳು. ಆಮೇಲೆ ಕೋತಿ ಕುಣಿಯುತ್ತಾ ಬಂತು. ದೀಪಿಕಾ ಅದನ್ನು ತಳ್ಳಲಿಲ್ಲ. ಅವ್ವನ ತೋಳಿಗೆ ಒತ್ತಿ ಕೂತು, ಅದು ಕುಣಿದು ಮುಗಿಸುವವರೆಗೆ ಕಾದಳು.

ಆಮೇಲೆ ಹಸಿರು ಬಳೆಯ ಕೈ ಬಂತು.

ಅವ್ವ ಸೆರಗಿನ ತುದಿಯಿಂದ ಫೋನಿನ ಗಾಜನ್ನು ಒರೆಸಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ.

ಜಾಹೀದಾ ಆಂಟಿ ಬ್ಯಾಗಿನಿಂದ ಪೆನ್ನು, ಹಾಳೆ ತೆಗೆದರು. "ಇವತ್ತ ಕಡೀ ದಿನ. ಮೇಳಕ್ಕ ಹೆಸರು ಬರ್ಕೊಳ್ಳೇನ್ರಿ?"

"ಬರ್ಕೊರಿ," ಎಂದಳು ಅವ್ವ. ಆಮೇಲೆ ತಾನೇ ಕೈ ಚಾಚಿದಳು. "ಕೊಡ್ರಿಲ್ಲೆ, ನಾನ ಬರೀತೀನಿ."

ಅವ್ವ ಬರೆಯುತ್ತಿರುವಾಗ ದೀಪಿಕಾ ಡಬ್ಬಿಯ ಪುಟಕ್ಕೆ ಮರಳಿದಳು. ಕೆಂಪು ಗೆರೆಗಳ ಕೆಳಗೆ ಈಗ ಅದೇ ಹೆಸರಿಗೆ ಒಂದು ಹಸಿರು ಗೆರೆ ಬಂದಿತ್ತು. ಅವಳು ಎಲ್ಲಕ್ಕಿಂತ ಮೇಲಿದ್ದ "ವೈನಿ" ಅನ್ನುವುದನ್ನು ಮುಟ್ಟಿ, ಅಳಿಸಿದಳು. ಅಲ್ಲಿ ಬೆಳ್ಳನೆಯ ಜಾಗ ಉಳಿಯಿತು.

ಅವ್ವನ ಪೆನ್ನು ಹಾಳೆಯ ಮೇಲೆ ಬರೆಯುತ್ತಿದ್ದುದನ್ನೇ ನೋಡಿಕೊಂಡು, ಅವಳು ಒಂದೊಂದೇ ಅಕ್ಷರ ಒತ್ತತೊಡಗಿದಳು.