ಹೆಲ್ಮೆಟ್ಟಿನ ಹಿಂದೆ ಕಟ್ಟಿದ ಹುರಿ

2025ರ ನವೆಂಬರ್ 24, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ದಮಯಂತಿ ಠಾಣೆಯ ಮೆಟ್ಟಿಲು ಹತ್ತಿ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಇನ್‌ಸ್ಪೆಕ್ಟರ್ ಗ್ಲ್ಯಾಡಿಸ್ ಅವರ ಮೇಜಿನೆದುರು ನಿಂತೇ ಹೇಳಿದರು:

"ಬರ್ಕೊಳ್ಳಿ. ನನ್ನ ಮಗನನ್ನು ಕೊಂದದ್ದು ನನ್ನ ಗಂಡ."

ಹೆಡ್ ಕಾನ್‌ಸ್ಟೆಬಲ್ ಲೋಕಯ್ಯ ಕೈಯಲ್ಲಿದ್ದ ಚಹಾ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಮಗ ಅಂದರೆ ರಿತೇಶ್, ಇಪ್ಪತ್ತೆಂಟರ ಹುಡುಗ, ಬೋಳಾರದ ಮೀನುಗಾರರ ಮನೆಯವನು. ದುಬೈಯಲ್ಲಿ ಕೆಲಸಕ್ಕಿದ್ದಾಗ ವಿಮಾನದಿಂದ ಹಾರುವುದನ್ನು ಕಲಿತು ಬಂದಿದ್ದ. ಶನಿವಾರ ಬೆಳಿಗ್ಗೆ ವಾಮಂಜೂರಿನ ಆಚೆಯ ಸ್ಕೈಡೈವಿಂಗ್ ಕ್ಲಬ್ಬಿನ ಮೈದಾನಕ್ಕೆ ಹಾರಿದವನ ಪ್ಯಾರಾಚೂಟ್ ಅರ್ಧವೇ ಬಿಚ್ಚಿಕೊಂಡಿತ್ತು. ಅದರ ಒಂದು ಹಗ್ಗ ಅವನ ಹೆಲ್ಮೆಟ್ಟಿನ ಹಿಂದಿದ್ದ, ಹಾರಾಟದ ದಾರಿ ದಾಖಲಿಸುವ ಜಿಪಿಎಸ್ ಯಂತ್ರಕ್ಕೆ ಸಿಕ್ಕಿಹಾಕಿಕೊಂಡಿತ್ತು. ಯಂತ್ರ ಕಿತ್ತು ಬರಲಿಲ್ಲ. ಠಾಣೆಯಲ್ಲಿ ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು.

"ನಿಮ್ಮ ಗಂಡ ಎಂತ ಮಾಡಿದ್ರು?"

"ಬಲೆ ಹೆಣೆಯುವ ಹುರಿ ಕೊಟ್ಟರು. ಆ ಯಂತ್ರ ಕಡಲಿಗೆ ಬಿದ್ದರೆ ಸಿಗ್ಲಿಕ್ಕಿಲ್ಲ, ಗಟ್ಟಿ ಕಟ್ಟು ಅಂತ ಹೇಳಿದ್ರು. ಬೋಟಿನಲ್ಲಿ ಇವರು ಎಲ್ಲವನ್ನೂ ಕಟ್ಟುವುದು ಹಾಗೇ. ಶವಾಗಾರದ ಹತ್ತಿರ ಕ್ಲಬ್ಬಿನವರು ನನ್ನೆದುರೇ ಹೇಳಿದ್ರು, ಹುರಿ ಕಟ್ಟದಿದ್ದರೆ ನಿಮ್ಮ ಮಗ ಬದುಕ್ತಿದ್ದ ಅಂತ."

"ಅವರು ಎಲ್ಲಿದ್ದಾರೆ ಈಗ?"

"ಹೊರಗೆ. ಒಳಗೆ ಬರ್ಲಿಕ್ಕೆ ಮುಖ ಬೇಕಲ್ಲ."

ಗಂಡ ಲೀಲಾಧರ ಗೇಟಿನ ಹತ್ತಿರ, ಠಾಣೆಗೆ ಬೆನ್ನು ಹಾಕಿ ನಿಂತಿದ್ದರು. ಲೋಕಯ್ಯ ಹೋಗಿ ತುಳುವಿನಲ್ಲಿ ಕರೆದ ಮೇಲೂ ಬಾಗಿಲ ತನಕ ಬಂದು ಅಲ್ಲೇ ನಿಂತರು.

"ಹುರಿ ಕೊಟ್ಟದ್ದು ಹೌದಾ?" ಗ್ಲ್ಯಾಡಿಸ್ ಕೇಳಿದರು.

"ಹೌದು."

"ಮಗ ಎಂತ ಹೇಳಿದ?"

"ನಗಾಡಿದ. ಆದರೂ ಹುರಿಯ ಉಂಡೆಯನ್ನು ಬ್ಯಾಗಿಗೆ ಹಾಕಿಕೊಂಡ."

"ಕಟ್ಟಿದ್ದನ್ನು ನೋಡಿದ್ರಾ?"

ಲೀಲಾಧರ ಉತ್ತರಿಸಲಿಲ್ಲ. ಹೆಂಡತಿಯ ಕಡೆ ನೋಡಲೂ ಇಲ್ಲ. ತಪ್ಪು ಮಾಡಿದವರ ಮೌನ, ಮಾಡದವರ ಮೌನ ಎರಡನ್ನೂ ಗ್ಲ್ಯಾಡಿಸ್ ಹದಿನಾಲ್ಕು ವರ್ಷಗಳ ನೌಕರಿಯಲ್ಲಿ ಸಾಕಷ್ಟು ಕಂಡಿದ್ದರು. ಇದು ಎರಡೂ ಅಲ್ಲ. ತಾನು ಮಾಡಿದೆನೋ ಇಲ್ಲವೋ ಎಂದು ತನಗೇ ತಿಳಿಯದವನ ಮೌನ. ಅವರು ದಮಯಂತಿಯ ಹೇಳಿಕೆಯನ್ನು ಇದ್ದ ಹಾಗೆಯೇ ಬರೆಸಿಕೊಂಡು ಸಹಿ ಹಾಕಿಸಿದರು. ಗಂಡ ಹೆಂಡತಿ ಬೇರೆ ಬೇರೆ ರಿಕ್ಷಾ ಹಿಡಿದು ಹೋದರು.

ಮಧ್ಯಾಹ್ನ ಜೀಪು ವಾಮಂಜೂರು ದಾಟುವಾಗ ಲೋಕಯ್ಯ ಗೊಣಗಿದರು. "ಕಾಲಡಿಗೆ ಇಷ್ಟು ಒಳ್ಳೆ ನೆಲ ಇರುವಾಗ ಇವರಿಗೆ ಎಂತ ಮಾರಾಯ್ರೆ, ಮೇಲೆ ಹೋಗಿ ಬೀಳುವ ಚಪಲ?"

"ನಿಮ್ಮ ಮಗ ಬೈಕಿನಲ್ಲಿ ಎಷ್ಟು ಸ್ಪೀಡು ಹೋಗ್ತಾನೆ?"

"ಅದು ಬೇರೆ ವಿಷಯ ಮೇಡಂ," ಎಂದು ಲೋಕಯ್ಯ ರಸ್ತೆಯ ಕಡೆ ತಿರುಗಿದರು.

ಕ್ಲಬ್ಬಿನ ಯಜಮಾನ ರುಡೊಲ್ಫ್, ಮುಖ್ಯ ತರಬೇತುದಾರನೂ ಅವನೇ. ಗ್ಲ್ಯಾಡಿಸ್ ಹೆಸರು ಕೇಳಿದ ಕೂಡಲೇ, ತನ್ನ ಕ್ರಿಶ್ಚಿಯನ್ ಜನವೆಂದು ಕೊಂಕಣಿಗೆ ತಿರುಗಿದ. ಅವರು ಕನ್ನಡದಲ್ಲೇ ಉತ್ತರಿಸಿದರು. ಅವನು ಮುಖ ಗಂಟಿಕ್ಕಿದ.

"ಶನಿವಾರವೇ ಎಲ್ಲ ಹೇಳಿ ಆಗಿದೆ. ಇವ ನಿಯಮ ಮೀರಿ ಹುರಿ ಕಟ್ಟಿದ, ಸತ್ತ. ನನ್ನ ಕ್ಲಬ್ಬು ಮುಚ್ಚಿಸ್ಲಿಕ್ಕೆ ಬಂದದ್ದಾ ನೀವು?"

"ಯಂತ್ರವನ್ನು ಎಲ್ಲಿ ಕಟ್ಟಬೇಕು? ಅದನ್ನು ಹೇಳಿ ಸಾಕು."

"ಹೇಳಿದ್ರೆ ನಿಮಗೆ ಅರ್ಥ ಆಗ್ಲಿಕ್ಕಿಲ್ಲ."

"ಅರ್ಥ ಆಗುವವರೆಗೆ ಇಲ್ಲೇ ಇರ್ತೇನೆ."

ರುಡೊಲ್ಫ್ ಉಸಿರು ಬಿಟ್ಟು, ನೆಲದ ಮೇಲೆ ಕವುಚಿ ಮಲಗಿ ಕೈಕಾಲು ಚಾಚಿದ. "ನಾವು ಬೀಳುವುದು ಹೀಗೆ. ಕೈಗೆ ಕಟ್ಟಿದ್ರೆ ಕೈ ಆಡಿದ ಹಾಗೆ ಲೆಕ್ಕ ಕೆಡ್ತದೆ. ಎದೆಗೆ ಕಟ್ಟಿದ್ರೆ ಎದೆ ನೆಲ ನೋಡ್ತದೆ, ಮೈಯೇ ಅಡ್ಡ, ಉಪಗ್ರಹ ಸಿಗುವುದಿಲ್ಲ. ಹೆಲ್ಮೆಟ್ಟಿನ ಹಿಂದೆ ಕಟ್ಟಿದ್ರೆ ಇಡೀ ಆಕಾಶ ಎದುರು. ರೆಕಾರ್ಡಿಗೆ ಅಷ್ಟು ಒಳ್ಳೆಯ ಜಾಗ ಬೇರೆ ಇಲ್ಲ."

"ಹಾಗಾದ್ರೆ ಎಲ್ಲರೂ ಅಲ್ಲೇ ಕಟ್ಟಬಹುದಲ್ಲ?"

"ಪ್ಯಾರಾಚೂಟಿನ ಹಗ್ಗ ಬಿಚ್ಚುವುದೂ ತಲೆಯ ಹಿಂದೆಯೇ." ಅವನು ಎದ್ದು ಅಂಗಿ ಕೊಡವಿದ. "ಅದಕ್ಕೇ ನಾವು ಟೇಪು ಮಾತ್ರ ಅಂಟಿಸುವುದು. ಹಗ್ಗ ಸಿಕ್ಕಿ ಎಳೆದರೆ ಯಂತ್ರ ಕಿತ್ತು ಹೋಗ್ಬೇಕು. ಹೋಗ್ಲಿಲ್ಲವಾ, ಗಲ್ಲದ ಬದಿಯಲ್ಲಿ ರಿಂಗು ಉಂಟು. ಎಳೆದರೆ ಪಿನ್ನು ಬಿಟ್ಟು ಹೆಲ್ಮೆಟ್ಟೇ ಕಳಚಿ ಬೀಳ್ತದೆ. ಆ ರಿಂಗು ಇಲ್ಲದ ಹೆಲ್ಮೆಟ್ಟಿಗೆ ನಾವು ಏನನ್ನೂ ಕಟ್ಟಲಿಕ್ಕೆ ಬಿಡುವುದಿಲ್ಲ. ಯಂತ್ರ ಹೋದರೆ ಹೋಗ್ಲಿ, ತಲೆ ಉಳೀಬೇಕು. ಕಡಲಿನವರಿಗೆ ಅದು ಹೊಳೆಯುವುದಿಲ್ಲ. ಅವರಿಗೆ ವಸ್ತು ಉಳಿದರೆ ಸಾಕು."

"ರಿತೇಶನ ಹೆಲ್ಮೆಟ್ಟಿಗೆ ರಿಂಗು ಇತ್ತಾ?"

"ಇತ್ತು."

"ಮತ್ತೆ ಎಳೆಯಲಿಲ್ಲ ಯಾಕೆ?"

ರುಡೊಲ್ಫ್ ತನ್ನ ಗಲ್ಲದ ಬದಿಗೆ ಕೈ ಒಯ್ದು, ಇಲ್ಲದ ರಿಂಗನ್ನು ಎಳೆಯುವ ಹಾಗೆ ಮಾಡಿ ನೋಡಿದ.

ಸಂಜೆ ಠಾಣೆಯಲ್ಲಿ ಇಬ್ಬರು ಪಂಚರ ಎದುರು ಹೆಲ್ಮೆಟ್ಟಿನ ಪಂಚನಾಮೆ ನಡೆಯಿತು. ಹೊರಗಿನಿಂದ ಕಾಣುತ್ತಿದ್ದದ್ದು ಮಾಮೂಲಿ ಕಪ್ಪು ಟೇಪು; ಹಗ್ಗ ಎಳೆದು ಹರಿದ ಕಡೆ ಮಾತ್ರ ಹುರಿಯ ಒಂದು ಎಳೆ ಇಣುಕಿತ್ತು, ಶನಿವಾರ ಕ್ಲಬ್ಬಿನವರು ಕಂಡದ್ದು ಅದನ್ನೇ. ಪೂರ್ತಿ ಸೀಳಿದರೆ ಅದರಡಿಯಲ್ಲಿ ನೀಲಿ ನೈಲಾನ್ ಹುರಿ. ಹೆಲ್ಮೆಟ್ಟಿನ ಗಾಳಿಯ ತೂತುಗಳ ಮೂಲಕ ಯಂತ್ರವನ್ನು ಬಿಗಿದಿತ್ತು. ಗ್ಲ್ಯಾಡಿಸ್ ಒಳಗಿನ ಸ್ಪಂಜನ್ನು ಬಿಡಿಸಿದರು. ಹುರಿಯ ಇನ್ನೊಂದು ತುದಿ ಅದರ ಕೆಳಗೆ ಹಾದು ಗಲ್ಲದ ಬದಿಗೆ ಬಂದು, ರಿಂಗಿನ ಪಿನ್ನನ್ನು ಸುತ್ತಿಕೊಂಡಿತ್ತು. ರಿಂಗು ಸೊಟ್ಟಗಾಗಿತ್ತು. ಯಾರೋ ಇದ್ದ ಬಲವೆಲ್ಲ ಹಾಕಿ ಎಳೆದಿದ್ದರು.

"ಯಂತ್ರ ಬೀಳಬಾರದು ಅಂತ ಕಟ್ಟುವವ," ಗ್ಲ್ಯಾಡಿಸ್ ಮೆಲ್ಲಗೆ ಕೇಳಿದರು, "ಪಿನ್ನಿಗೆ ಯಾಕೆ ಕಟ್ಟುತ್ತಾನೆ?"

ಲೋಕಯ್ಯ ಬಗ್ಗಿ ಆ ರಿಂಗನ್ನು ಹತ್ತಿರದಿಂದ ನೋಡಿದರು. ಆಮೇಲೆ ಯಾರೂ ಹೇಳದೆಯೇ ಎಫ್‌ಐಆರ್ ಬರೆಯಲು ಕುಳಿತರು. ಕಲಂ, ಕೊಲೆಯದು.

ಮರುದಿನ ವಿಚಾರಣೆ ನಡೆದದ್ದು ಒಂದೇ ಪ್ರಶ್ನೆಯ ಸುತ್ತ. ಹೆಲ್ಮೆಟ್ಟು ಯಾರ ಕೈಗೆ ಸಿಕ್ಕಿತ್ತು? ಕ್ಲಬ್ಬಿನಲ್ಲಿ ಹಾರುವವರ ಸಾಮಾನು ತೆರೆದ ಕಪಾಟಿನಲ್ಲಿರುತ್ತದೆ. ರಿತೇಶ್ ಗುರುವಾರ ತನ್ನ ಬ್ಯಾಗು, ಹೆಲ್ಮೆಟ್ಟು ಅಲ್ಲಿಟ್ಟು ಬೋಳಾರಕ್ಕೆ ಹೋದವನು ಶನಿವಾರ ಬೆಳಿಗ್ಗೆಯೇ ಬಂದದ್ದು. ಶುಕ್ರವಾರ ಇಡೀ ದಿನ ಮನೆಯಲ್ಲಿದ್ದ. ನೆರೆಯವರೂ ಮೊಬೈಲ್ ಟವರಿನ ವಿವರವೂ ಅದನ್ನೇ ಹೇಳಿದವು. ಹುರಿಯ ಉಂಡೆಯ ವಿಷಯ ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. "ನನ್ನ ಅಪ್ಪನಿಗೆ ವಿಮಾನವೂ ಬೋಟೇ" ಎಂದು ರಿತೇಶನೇ ಅದನ್ನು ಎತ್ತಿ ತೋರಿಸಿ ನಗಿಸಿದ್ದನಂತೆ.

"ಅವನಿಗೆ ಆಗದವರು ಯಾರು?" ಗ್ಲ್ಯಾಡಿಸ್ ರುಡೊಲ್ಫನನ್ನು ಕೇಳಿದರು.

"ಆಗದವರು ಅಂತ ಅಲ್ಲ." ರುಡೊಲ್ಫನ ಸ್ವರದಲ್ಲಿ ನಿನ್ನೆಯ ಗತ್ತಿರಲಿಲ್ಲ. "ಹೊರದೇಶದ ಸ್ಪರ್ಧೆಗೆ ನಮ್ಮಿಂದ ಒಬ್ಬನನ್ನು ಕಳಿಸ್ಲಿಕ್ಕಿತ್ತು. ಇದ್ದದ್ದು ಇಬ್ಬರು, ರಿತೇಶ್ ಮತ್ತೆ ಹಿತೇಶ್. ಆಯ್ಕೆ ಜಿಪಿಎಸ್ ರೆಕಾರ್ಡ್ ನೋಡಿ. ಹಿತೇಶ್ ಯಂತ್ರವನ್ನು ಎದೆಗೆ ಕಟ್ಟಿದ್ದ. ಅವನ ರೆಕಾರ್ಡ್ ನಡುವಿನಲ್ಲಿ ತುಂಡಾಗಿತ್ತು. ರಿತೇಶನದ್ದು ಪೂರ್ತಿ ಇತ್ತು, ಅವನೇ ಆಯ್ಕೆಯಾದ."

"ಎದೆಗೆ ಕಟ್ಟಲು ಹೇಳಿದವರು ಯಾರು?"

"ರಿತೇಶ್."

ಹಿತೇಶನ ಮನೆ ವಾಮಂಜೂರಿನಲ್ಲಿ, ಒಂದು ಕಾಲದಲ್ಲಿ ಗದ್ದೆಯಾಗಿದ್ದ ಜಾಗದಲ್ಲಿ. ಮೂವತ್ತರ ಗಟ್ಟಿ ಆಳು. ಅಣ್ಣಂದಿರು ಗಲ್ಫಿನಲ್ಲಿ, ಇವನು ಊರಿನಲ್ಲಿ ಅಂಗಡಿ ಇಟ್ಟವನು. ಪೊಲೀಸರನ್ನು ಅಂಗಳದಲ್ಲೇ ನಿಲ್ಲಿಸಿ ಮಾತನಾಡಿದ.

"ಶುಕ್ರವಾರ ಎಲ್ಲಿದ್ದಿ?"

"ಮನೆಯಲ್ಲಿ. ಯಾಕೆ, ಮನೆಯಲ್ಲಿ ಇರ್ಲಿಕ್ಕೂ ಪರ್ಮಿಷನ್ ಬೇಕಾ?"

"ರಿತೇಶನ ಹೆಲ್ಮೆಟ್ಟು ಮುಟ್ಟಿದ್ದೀಯಾ?"

"ಅದನ್ನು ಮುಟ್ಟಿದ್ರೆ ಮೀನಿನ ವಾಸನೆ ಹೋಗ್ಲಿಕ್ಕಿಲ್ಲ."

ಲೋಕಯ್ಯ ಒಂದು ಹೆಜ್ಜೆ ಮುಂದಿಟ್ಟರು. ಗ್ಲ್ಯಾಡಿಸ್ ಕೈ ಅಡ್ಡ ಹಿಡಿದರು. ಅವರು ನೋಡುತ್ತಿದ್ದದ್ದು ಆ ಅಂಗಳವನ್ನು. ಮರ ಇಲ್ಲ, ಚಪ್ಪರ ಇಲ್ಲ, ಮೇಲೆ ಪೂರ್ತಿ ಆಕಾಶ. ರುಡೊಲ್ಫ್ ಹೇಳಿದ ಇನ್ನೊಂದು ಮಾತು ನೆನಪಾಯಿತು. ಹಾರುವ ಮುಂಚೆ ಯಂತ್ರವನ್ನು ಬಯಲಿಗೆ ತಂದು ಆನ್ ಮಾಡಬೇಕು, ಉಪಗ್ರಹ ಸಿಕ್ಕಿ ದೀಪ ಮಿನುಗುವ ತನಕ ಕಾಯಬೇಕು. ಇವರಿಗೆಲ್ಲ ಅದು ದೇವರಿಗೆ ಕೈ ಮುಗಿದಷ್ಟೇ ರೂಢಿ.

ಬುಧವಾರ ಸೈಬರ್ ಠಾಣೆಯಲ್ಲಿ, ಪಂಚರ ಸಮಕ್ಷಮ ಯಂತ್ರವನ್ನು ತೆರೆದರು. ಮೇಲಿನ ಗಾಜು ಒಡೆದಿತ್ತು, ಒಳಗಿನದ್ದು ಉಳಿದಿತ್ತು. ಶನಿವಾರದ ಹಾರಾಟದ ಫೈಲಿನಲ್ಲಿ, ಮಧ್ಯದಿಂದ ತಿರುಗಿ ತಿರುಗಿ ನೆಲಕ್ಕೆ ಬರುವ ಗೆರೆ; ಗ್ಲ್ಯಾಡಿಸ್ ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ. ಅದಕ್ಕಿಂತ ಹಿಂದೆ ಇನ್ನೊಂದು ಪುಟ್ಟ ಫೈಲು. ಶುಕ್ರವಾರ, ಸಂಜೆ ಐದೂವರೆ. ನಕಾಶೆಯ ಮೇಲಿಟ್ಟಾಗ ಅದು ವಾಮಂಜೂರಿನ ಒಂದು ಮನೆಯ ಅಂಗಳದಲ್ಲಿ ಎರಡು ಸುತ್ತು ಬಂದು ನಿಂತಿತ್ತು.

ಹಿತೇಶ್ ಸಿಕ್ಕಿದ್ದು ಕ್ಲಬ್ಬಿನಲ್ಲಿ. ರಿತೇಶನ ಜಾಗಕ್ಕೆ ಈಗ ತಾನೇ ಎಂದು ಅಭ್ಯಾಸಕ್ಕೆ ಬಂದಿದ್ದ. ಬಂಧನದ ಕಾರಣ ಓದಿ ಹೇಳುವಾಗ ಅವನು ರುಡೊಲ್ಫನ ಕಡೆ ನೋಡಿದ. ರುಡೊಲ್ಫ್ ಮುಖ ತಿರುಗಿಸಿದ. ಹಿತೇಶನ ಹೆಲ್ಮೆಟ್ಟನ್ನೂ ವಶಪಡಿಸಿಕೊಂಡು ಅವನನ್ನು ಜೀಪಿಗೆ ಹತ್ತಿಸಿದರು.

ಠಾಣೆಯಲ್ಲಿ ಮೊದಲ ಒಂದು ಗಂಟೆ ಅವನು ಬರೀ ಬೈದ. ಗ್ಲ್ಯಾಡಿಸ್ ಅಂಗಳದ ನಕಾಶೆಯನ್ನು ಅವನ ಮುಂದಿಟ್ಟು ಕಾದರು. ಬೈಗುಳ ತಾನಾಗಿಯೇ ನಿಂತಿತು.

"ಹುರಿ ಕಟ್ಟಿ ಆದ ಮೇಲೆ ಯಂತ್ರವನ್ನು ಆನ್ ಮಾಡಿದ್ದು ಎಂತಕ್ಕೆ?"

ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ.

"ನೋಡ್ಬೇಕಿತ್ತು."

"ಎಂತ?"

"ತಲೆಯ ಹಿಂದೆ ಇಟ್ಟರೆ ಎಷ್ಟು ಸಿಗ್ನಲ್ ಸಿಗ್ತದೆ, ಎದೆಗೆ ಹಿಡಿದರೆ ಎಷ್ಟು ಅಂತ. ಅವ ನನಗೆ ಮೋಸ ಮಾಡಿದ್ದು ಹೌದಾ ಅಲ್ವಾ ಅಂತ."

"ನೋಡಿದೆಯಾ?"

"ಇಲ್ಲ. ಕಂಪ್ಯೂಟರಿಗೆ ಹಾಕಿದ್ರೆ ಯಾರಾದ್ರೂ ಕೇಳ್ತಿದ್ರು."

"ಅಳಿಸಬಹುದಿತ್ತಲ್ಲ?"

"ಅಳಿಸಿದ್ರೆ ಮತ್ತೆ ಗೊತ್ತಾಗುವುದು ಹೇಗೆ? ಎಲ್ಲ ಮುಗಿದ ಮೇಲೆ ನೋಡುವ ಅಂತ ಬಿಟ್ಟೆ."

ಗೋಡೆಗೆ ಒರಗಿ ನಿಂತಿದ್ದ ಲೋಕಯ್ಯ ನೆಟ್ಟಗಾದರು. ಗ್ಲ್ಯಾಡಿಸ್ ಹಿತೇಶನದೇ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟರು.

"ಇದಕ್ಕೆ ಗಲ್ಲದ ಬದಿಯಲ್ಲಿ ರಿಂಗು ಉಂಟಾ?"

"ಇಲ್ಲ. ಹಳೆಯದು."

"ಎದೆಗೆ ಕಟ್ಟು ಅನ್ನುವಾಗ ರಿತೇಶ್ ಕಾರಣ ಹೇಳಿದ್ನಾ?"

"ಹೇಳಿದ. ರಿಂಗಿಲ್ಲದ ಹೆಲ್ಮೆಟ್ಟಿಗೆ ಕಟ್ಟಬೇಡ ಮಾರಾಯ, ಹಗ್ಗ ಸಿಕ್ಕಿದ್ರೆ ತಲೆ ಹೋಗ್ತದೆ, ಬೇರೆ ಹೆಲ್ಮೆಟ್ಟು ಬರುವ ತನಕ ಎದೆಗೆ ಕಟ್ಟು ಅಂತ." ಹಿತೇಶ್ ತುಟಿ ಸೊಟ್ಟ ಮಾಡಿದ. "ಗೆಲ್ಲಬೇಕು ಅಂತ ಇರುವವ ಎದುರಾಳಿಯ ತಲೆ ಕಾಯ್ತಾನಾ? ಯಾರು ನಂಬ್ತಾರೆ?"

ಆ ಪ್ರಶ್ನೆಯನ್ನು ಅವನು ನಿಜವಾಗಿಯೂ ಕೇಳಿದ್ದ. ಉತ್ತರಕ್ಕಾಗಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಹೆಲ್ಮೆಟ್ಟನ್ನು ಕಪಾಟಿನಿಂದ ಮನೆಗೆ ಒಯ್ದು ರಿತೇಶನ ಟೇಪು ಬಿಚ್ಚಿದ್ದನ್ನೂ, ಪಿನ್ನಿಗೆ ಹುರಿ ಸುತ್ತಿದ್ದನ್ನೂ, ತಪ್ಪು ರಿತೇಶನ ಅಪ್ಪನ ತಲೆಗೆ ಹೋಗಲಿ ಎಂದೇ ಆ ಉಂಡೆಯಿಂದ ಎಳೆದದ್ದನ್ನೂ, ಮೇಲೆ ಟೇಪು ಅಂಟಿಸಿ ವಾಪಸ್ ಇಟ್ಟದ್ದನ್ನೂ ಅವನು ಸ್ವರ ಏರಿಸದೆ ಹೇಳಿದ. ಬೇರೆಯವರ ಕಾಳಜಿಯನ್ನು ತನ್ನ ಅಳತೆಯಲ್ಲಿ ಅಳೆದಿದ್ದ. ಆ ಅಳತೆಗೆ ಸಿಕ್ಕಿದ್ದು ಮೋಸ ಮಾತ್ರ. ದೋಷಾರೋಪ ಪಟ್ಟಿಯಲ್ಲಿ ಅದನ್ನು ಹಗೆತನ ಎಂದು ಬರೆಯುತ್ತಾರೆ. ಗ್ಲ್ಯಾಡಿಸ್ ಕೂಡ ಹಾಗೆಯೇ ಬರೆಯಬೇಕಿತ್ತು.

ಅದೇ ಸಂಜೆ ಅವರು ಬೋಳಾರಕ್ಕೆ ಹೋದರು. ಫೋನು ಮಾಡಿ ತಿಳಿಸಿದರೂ ಸಾಕಿತ್ತು. ಲೀಲಾಧರ ಜಗಲಿಯ ಈ ತುದಿಯಲ್ಲಿ, ದಮಯಂತಿ ಬಾಗಿಲ ಒಳಗೆ. ನಡುವೆ ಬಂದು ಹೋಗುವವರಿಗೆ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಖಾಲಿ.

ಗ್ಲ್ಯಾಡಿಸ್ ನಡೆದದ್ದನ್ನು ಚುಟುಕಾಗಿ ಹೇಳಿದರು. ಹೆಸರು, ಅಂಗಳ, ಪಿನ್ನು.

"ಹಾಗಾದ್ರೆ ನಾನು ಬರೆಸಿದ್ದು?" ಒಳಗಿನಿಂದ ದಮಯಂತಿ ಕೇಳಿದರು. "ಅದನ್ನು ಹರಿದು ಹಾಕಿ."

"ಆಗುವುದಿಲ್ಲ ಅಮ್ಮ. ಫೈಲಿಗೆ ಹೋಗಿದೆ. ಕೋರ್ಟಿನಲ್ಲಿ ಓದ್ತಾರೆ."

ಒಳಗೆ ಪಾತ್ರೆ ಸರಿದ ಸದ್ದಾಯಿತು. ಲೀಲಾಧರ ತಲೆ ಎತ್ತಲಿಲ್ಲ.

"ಹುರಿ ನನ್ನದೇ ಅಲ್ವಾ ಮೇಡಂ?"

"ಹುರಿ ನಿಮ್ಮದೇ. ಆದರೆ ನಿಮ್ಮ ಮಗ ಅದನ್ನು ಬ್ಯಾಗಿನಿಂದ ತೆಗೆದದ್ದು ನಗಾಡ್ಲಿಕ್ಕೆ ಮಾತ್ರ. ಅವ ಕಟ್ಟಿದ್ದು ಟೇಪಿನಲ್ಲೇ, ಕಲಿತ ಹಾಗೆ."

"ಅಂದ್ರೆ..." ಲೀಲಾಧರ ತಲೆ ಎತ್ತಿದರು. "ಅವ ನನ್ನ ಮಾತು ಕೇಳ್ಲಿಲ್ಲ?"

"ಕೇಳ್ಲಿಲ್ಲ."

ಲೀಲಾಧರ ಕಂಬ ಹಿಡಿದು ಎದ್ದು, ಬಾಗಿಲ ಕಡೆ ಒಮ್ಮೆ ನೋಡಿ, ಗ್ಲ್ಯಾಡಿಸರ ಕಡೆ ತಿರುಗಿದರು.

"ಇನ್ನೊಮ್ಮೆ ಹೇಳಿ ಮೇಡಂ. ಸ್ವಲ್ಪ ಜೋರಾಗಿ. ಅವಳಿಗೂ ಕೇಳ್ಬೇಕು."